ಧ್ವನಿಮುದ್ರಿಕಾ ಸಂಕಲನಗಳೂ ಹಾಡುಗಳ ಕರ್ತೃತ್ವವೂ

ಹಲವರ ಕೃತಿಗಳಿಂದ ಆರಿಸಿ ಒಂದೆಡೆ ಕೂಡಿಸುವ ಕಾರ್ಯವು ಕನ್ನಡಿಗರಿಗೆ ಹೊಸದಲ್ಲ. ಶಬ್ದಮಣಿದರ್ಪಣಕಾರನಾದ ಕೇಶಿರಾಜನ ತಂದೆ ಮಲ್ಲಿಕಾರ್ಜುನನು 13ನೆಯ ಶತಮಾನದಲ್ಲಿ, ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ಪೂರ್ವಕವಿಗಳ ಪದ್ಯಗಳನ್ನು ವರ್ಣನಾಕ್ರಮದಿಂದ ಜೋಡಿಸಿ ಸೂಕ್ತಿಸುಧಾರ್ಣವವನ್ನು ರಚಿಸಿದನು. ಮೂಲಗ್ರಂಥಗಳು ನಷ್ಟವಾಗಿ ಹೋದ ಎಷ್ಟೋ ಪದ್ಯಗಳು ಅದರಿಂದಲೇ ಉಳಿದುವು. ಆದರೆ ಪದ್ಯದೊಡನೆ ಕವಿಯ ಹೆಸರನ್ನು ಬರೆಯಲಿಲ್ಲವಾದುದರಿಂದ, ಯಾವುದು ಯಾರದೆಂಬ ವಿಚಾರವು ಪಂಡಿತರ ಪಾಲಿಗೆ ಬಂದಿತು. ಜಾನಪದ ಗೀತಗಳನ್ನೂ ಕವಿಗಳ ಭಾವಗೀತಗಳನ್ನೂ ಕೂಡಿಸಿರುವ ಧ್ವನಿಮುದ್ರಿಕಾ ಸಂಕಲನಗಳಿಗೂ ಇದೇ ಗತಿಯು ಒದಗುವ ಸಂಭವವುಂಟು.

ಅರಗಿನಿಂದ ಮಾಡಿದ ಹಳೆಯ ಗ್ರಾಮಫೋನ್ ತಟ್ಟೆಯು ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದಿತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಹಾಡಿಗೆ ಮಾತ್ರವೇ ಸ್ಥಳ. 1948ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ವಿನೈಲಿನ ದೀರ್ಘವಾದನ ತಟ್ಟೆಯು 33⅓ ಸುತ್ತಿನದು. ಅದರ ಒಂದೊಂದು ಮಗ್ಗುಲೂ ಇಪ್ಪತ್ತು ನಿಮಿಷಕ್ಕೆ ಕಡಮೆಯಿಲ್ಲದಂತೆ ನುಡಿಯಬಲ್ಲುದು. ಬಿಡಿ ತಟ್ಟೆಗಳ ಹಾಡುಗಳನ್ನು ಮಾಲೆಯಾಗಿ ಕಟ್ಟುವುದು ಅಲ್ಲಿಂದ ಮುಂದೆ ಸುಲಭವಾಯಿತು. 1952ರಲ್ಲಿ ಹ್ಯಾರಿ ಸ್ಮಿತ್ ಎಂಬಾತನು 1927ರಿಂದ 1932ರವರೆಗಿನ 84 ಹಾಡುಗಳನ್ನು ಆರು ತಟ್ಟೆಗಳಲ್ಲಿ ಕೂಡಿಸಿದ ಅಮೆರಿಕದ ಜಾನಪದ ಸಂಕಲನವು ಪ್ರಸಿದ್ಧವಾಗಿದೆ. ಸ್ವತಃ ಪದ ಕಟ್ಟಿ ಹಾಡುವ ಮುಂದಿನ ತಲೆಮಾರಿನವರಿಗೆ ಅದು ಪಾಠಪುಸ್ತಕದಂತಾಯಿತು. ಹಾಡಿದವರ ಹೆಸರು, ಮೂಲಮುದ್ರಣದ ವಿವರ, ಕಥಾಸಾರ ಇವೆಲ್ಲವನ್ನೂ ಅವನು ಜತೆಯ ಪುಸ್ತಿಕೆಯಲ್ಲಿ ಕೊಟ್ಟಿದ್ದಾನೆ. ಈ ಅಂಶದಲ್ಲಿ ಆತನು ನಮ್ಮ ಮಲ್ಲಿಕಾರ್ಜುನನಿಗಿಂತ ಜಾಗರೂಕನೆಂದೇ ಹೇಳಬೇಕು.

ಕನ್ನಡದಲ್ಲಿ ಈ ವಿಚಾರಕ್ಕೆ ಉತ್ತಮ ನಿದರ್ಶನವು ಪಾಂಡೇಶ್ವರ ಕಾಳಿಂಗರಾಯರದು (1914–1981). ದಾಸರ ಪದ, ವಚನ, ಮೂಡಲ್ ಕುಣಿಗಲ್ ಕೆರೆಯ ಜಾನಪದ ಗೀತ, ಜಿ. ಪಿ. ರಾಜರತ್ನಂ ಅವರ ರತ್ನನ ಪದಗಳು ಇವೆಲ್ಲವೂ ಒಂದೇ ಕಂಠದಿಂದ ನಾಡಿನ ಮನೆಮನೆಯನ್ನೂ ಹೊಕ್ಕುವು. ಉಪಕಾರವು ಸಾಮಾನ್ಯವಾದುದಲ್ಲ. ಆದರೆ ಒಂದೇ ಕಂಠ, ಒಂದೇ ವಾದ್ಯಮೇಳಗಳಲ್ಲಿ ಕೇಳುವವನಿಗೆ ಇವುಗಳ ಭೇದವು ಹೇಗೆ ಹೊಳೆಯಬೇಕು? ರಾಜರತ್ನಂ ಅವರು ಬೌದ್ಧ ಸಾಹಿತ್ಯದಲ್ಲಿ ಪರಿಶ್ರಮವುಳ್ಳ ವಿದ್ವಾಂಸರು. ಕುಡುಕನ ಗ್ರಾಮ್ಯವು ಅವರು ಬುದ್ಧಿಪೂರ್ವಕವಾಗಿ ತಾಳಿದ ವೇಷ. ತಟ್ಟೆಯ ನಡುವಣ ಚೀಟಿಯಲ್ಲಿ ಅವರ ಹೆಸರಿಲ್ಲದಿದ್ದರೆ ಆ ಪದವನ್ನು ಹಳ್ಳಿಯ ಅನಾಮಿಕನದೆಂದು ಬಗೆಯುವುದರಲ್ಲಿ ಆಶ್ಚರ್ಯವಿಲ್ಲ.

ಪ್ರಾಚೀನರು ಇದಕ್ಕೆ ಉಪಾಯವನ್ನು ಕಂಡಿದ್ದರು. ಶಿಶುನಾಳ ಷರೀಫರ (1819–1889) ಪದಗಳಲ್ಲಿ ಶಿಶುನಾಳಾಧೀಶನ ಅಂಕಿತವು ಬರುತ್ತದೆ, ಸಿ. ಅಶ್ವತ್ಥ್ ಅವರ ಸಂಯೋಜನೆಗಳಿಂದ ಅವು ಎಷ್ಟು ದೂರ ಹಬ್ಬಿದರೂ ಕರ್ತೃವಿನ ಗುರುತು ಹಾಡಿನೊಳಗೇ ಇದೆ. ಕಾಲವು ಸಾಲದಿದ್ದಾಗ ಗಾಯಕರು ನಡುವಣ ಚರಣವನ್ನು ಬಿಟ್ಟು ಮುದ್ರೆಯುಳ್ಳ ಕಡೆಯ ಚರಣವನ್ನು ಹಾಡುವ ಸಂಪ್ರದಾಯವು ಇದೇ ಕಾರಣದಿಂದ ಯುಕ್ತವಾದುದು. ಮೂರು ನಿಮಿಷದ ಕಟ್ಟಿಗಾಗಿ ಕಡೆಯ ಚರಣವನ್ನೇ ಕತ್ತರಿಸಿದರೆ ಕವಿಯನ್ನೇ ಕತ್ತರಿಸಿದಂತಾಗುತ್ತದೆ. ಹೊಸ ಭಾವಗೀತಕ್ಕಾದರೋ ಅಂಕಿತವೇ ಇಲ್ಲ. ಅದಕ್ಕೆ ಚೀಟಿಯೇ ಗತಿ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಿಂದ ಹೊರಬಂದ ಧ್ವನಿಸುರುಳಿಯು ಕೆ. ಎಸ್. ನಿಸಾರ್ ಅಹಮದರ ಕವನಸಂಗ್ರಹದ ‘ನಿತ್ಯೋತ್ಸವ’ ಎಂಬ ಹೆಸರನ್ನೇ ಧರಿಸಿದುದು ಈ ದೃಷ್ಟಿಯಿಂದ ಮೆಚ್ಚತಕ್ಕ ಸಂಗತಿ.

ಕ್ಯಾಸೆಟ್ಟು, ಸಿ.ಡಿ.ಗಳಿಂದ ಮರೆಗೆ ಸಂದಿದ್ದ ವಿನೈಲ್ ತಟ್ಟೆಯು ಈಚೆಗೆ ಮತ್ತೆ ತಲೆಯೆತ್ತಿದೆ. ನಾದಶುದ್ಧಿಯನ್ನೇ ಪ್ರಧಾನವಾಗಿ ಬಯಸುವ ರಸಿಕರಿಗಾಗಿ 180 ಗ್ರಾಂ ತೂಕದ ದಪ್ಪ ತಟ್ಟೆಗಳಲ್ಲಿ ಹಳೆಯ ಹಾಡುಗಳನ್ನು ಪುನರ್ಮುದ್ರಿಸುವರು. ನಾದಶುದ್ಧಿಯೇ ಬೇರೆ, ಪಾಠಶುದ್ಧಿಯೇ ಬೇರೆ. ದುಂಡಾದ ಅಕ್ಷರದಲ್ಲಿ ಬರೆದ ಓಲೆಯಲ್ಲಿ ಅಪಪಾಠಗಳು ತುಂಬಿರುವುದುಂಟು. ಮೇಲಾಗಿ, 1925ರಲ್ಲಿ ವಿದ್ಯುತ್ತಿನ ಮುದ್ರಣವು ಬರುವುದಕ್ಕೆ ಮುಂಚೆ ಕಹಳೆಯ ಮೂಲಕ ಮುದ್ರಿಸಿದ ತಟ್ಟೆಗಳಲ್ಲಿ ಉಚ್ಚಸ್ಪಂದನದ ಧ್ವನಿಗಳು ಬಹುಮಟ್ಟಿಗೆ ಹಿಡಿಯಲ್ಪಡಲಿಲ್ಲ. ಶಕಾರ ಸಕಾರಗಳ ಭೇದವು ತೋರುವುದು ಆ ಧ್ವನಿಗಳಲ್ಲಿಯೇ. ಆದಕಾರಣ ಅಂತಹ ತಟ್ಟೆಯನ್ನು ಕೇಳಿ, ಹಾಡಿದವನು ಶಕಾರವನ್ನು ಸಕಾರವಾಗಿ ನುಡಿದನೆಂದು ನಿರ್ಣಯಿಸುವುದು ದುಡುಕು. ಕರಕರ ಸದ್ದನ್ನು ಅತಿಯಾಗಿ ತೊಡೆದ ಪುನರ್ಮುದ್ರಣದಲ್ಲಿಯೂ ಇದೇ ದೋಷವು ಬರಬಹುದು. ಬೋಧಕರು ತರಗತಿಯಲ್ಲಿ ಇವನ್ನು ಕೇಳಿಸುವಾಗ ಇದನ್ನು ನೆನೆಯಬೇಕು.

ಕರ್ತೃವಿಲ್ಲದ ಹಾಡಿಗೆ ಊರೇ ಅಂಕಿತ. 1931ರ ‘ಗರತಿಯ ಹಾಡು’ ಹಲಸಂಗಿಯ ಗೆಳೆಯರು ಕೂಡಿಸಿದುದೆಂದು ತಿಳಿದಿರುವುದರಿಂದಲೇ ಅದರ ತ್ರಿಪದಿಗಳ ನುಡಿಯನ್ನು ಬಿಜಾಪುರದ ಸೀಮೆಯದೆಂದು ಪರೀಕ್ಷಿಸಬಹುದು. ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡೆಂದು ಎಣಿಸುವಾಗ ಕೊಪಣವನ್ನು ಹೆಸರಿಸಿದೆ. ಆ ಕೊಪ್ಪಳದ ಕಡೆಯ ಬೀಸುವ ಪದವನ್ನು ಬೆಂಗಳೂರಿನ ಉಚ್ಚಾರಣೆಯಲ್ಲಿ ಹಾಡಿಸಿ ‘ಜಾನಪದ’ ಎಂದಷ್ಟೇ ಚೀಟಿ ಅಂಟಿಸಿದರೆ ಉಳಿಯುವುದೇನು? ಗಂಗಾವತಿ, ಶ್ರೀರಾಮನಗರಗಳ ಸುತ್ತಣ ಕಾಲುವೆಯ ಬಯಲಿನಲ್ಲಿ ಕನ್ನಡವೂ ತೆಲುಗೂ ಕಿವಿಗೆ ಬೀಳುತ್ತವೆ. ಅಂತಹ ಕಡೆ ಊರನ್ನೂ ಹಾಡಿದವರನ್ನೂ ಬರೆದಿಡುವುದು ಇನ್ನೂ ಅವಶ್ಯ. ಗಂಗಾವತಿಯ ಸಮೀಪದ ಕುಮ್ಮಟದುರ್ಗದ ಕುಮಾರರಾಮನ ಕಥೆಯನ್ನು ದರೋಜಿಯ ಬುರ್ರಕಥಾ ಈರಮ್ಮನವರು (ನಿಧನ 2014) ದೀರ್ಘಕಾವ್ಯವಾಗಿ ಹಾಡುತ್ತಿದ್ದರು. ಅಷ್ಟು ದೀರ್ಘವಾದ ಕಾವ್ಯವು ತಟ್ಟೆಯ ಒಂದು ಮಗ್ಗುಲಿಗೆ ಒಗ್ಗದು. ಅದರಿಂದ ಒಂದು ತುಣುಕನ್ನು ಆರಿಸುವವರು ಅದು ಯಾವ ಸಂಧಿಯದು, ಹಿಂದುಮುಂದಿನ ಕಥೆಯೇನು ಎಂಬುದನ್ನು ಹೊದಿಕೆಯ ಮೇಲೆ ನಾಲ್ಕು ಪಂಕ್ತಿಗಳಲ್ಲಿ ಅಚ್ಚುಹಾಕಿಸುವುದು ಕಷ್ಟವಲ್ಲ. ಸಂಕಲನದ ಹೊದಿಕೆಯಲ್ಲಿ ಅಷ್ಟು ಸ್ಥಳವು ಇದ್ದೇ ಇರುತ್ತದೆ.