ಜಗಳದೊಳಗಿನ ನಿಯಮ: ಸಿ.ಎಸ್. ಲೂಯಿಸ್ ಅವರ ನೈತಿಕ ವಾದ

ಧರ್ಮಗ್ರಂಥವನ್ನು ಪ್ರಮಾಣವೆಂದು ಒಪ್ಪದವರಿಗೂ ಮನವರಿಕೆಯಾಗುವಂತೆ, ಕೇವಲ ತರ್ಕದ ಬಲದಿಂದ ತಮ್ಮ ವಿಶ್ವಾಸವನ್ನು ಸಮರ್ಥಿಸಿಕೊಳ್ಳುವ ಪರಂಪರೆಯೊಂದು ಕ್ರೈಸ್ತರಲ್ಲಿ ಬಹುಕಾಲದಿಂದ ಬೆಳೆದು ಬಂದಿದೆ; ನ್ಯಾಯಾಲಯದಲ್ಲಿ ಆರೋಪಿಯು ತನ್ನ ಪರವಾಗಿ ಮಂಡಿಸುವ ಹೇಳಿಕೆಯನ್ನು ಸೂಚಿಸುವ ಗ್ರೀಕ್ ಪದದಿಂದ ಅದಕ್ಕೆ ‘ಅಪೊಲೊಜೆಟಿಕ್ಸ್’ ಎಂಬ ಹೆಸರು ಬಂದಿದೆ. ಎರಡನೆಯ ಶತಮಾನದ ಜಸ್ಟಿನ್ ಮಾರ್ಟರ್ ರೋಮಿನ ಚಕ್ರವರ್ತಿ ಆಂಟೋನಿನಸ್ ಪಯಸ್‌ನನ್ನು ಉದ್ದೇಶಿಸಿ ಬರೆದ ಸಮರ್ಥನೆಯಲ್ಲಿ ಉತ್ತರಿಸಬೇಕಾಗಿ ಬಂದ ಆರೋಪಗಳಲ್ಲಿ ಒಂದು, ಇಂದಿನ ಓದುಗರಿಗೆ ವಿಚಿತ್ರವೆನಿಸಬಹುದಾದರೂ, ನಾಸ್ತಿಕತೆಯದು. ರೋಮಿನ ದೇವತೆಗಳನ್ನು ಪೂಜಿಸದವರು ನಾಸ್ತಿಕರೆಂದೇ ಎಣಿಸಲ್ಪಡುತ್ತಿದ್ದರು. ಇಪ್ಪತ್ತನೆಯ ಶತಮಾನದ ಹೊತ್ತಿಗೆ ಕಟಕಟೆಯ ಮುಂದಿನ ಪ್ರಶ್ನೆ ಪೂರ್ತಿ ಬದಲಾಗಿ, ದೇವರೆಂಬುವನು ಇದ್ದಾನೆಯೇ ಎಂಬುದಕ್ಕೇ ಉತ್ತರ ಕೊಡಬೇಕಾಯಿತು.

ಆ ಉತ್ತರವನ್ನು ಸಾಮಾನ್ಯರ ಭಾಷೆಯಲ್ಲಿ ಹೇಳಲು ಯತ್ನಿಸಿದವರಲ್ಲಿ ಸಿ.ಎಸ್. ಲೂಯಿಸ್ ಪ್ರಮುಖರು. 1898ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ, ಒಂಬತ್ತರ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡು, ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು, ಯೌವನದಲ್ಲಿ ದೃಢ ನಾಸ್ತಿಕರಾಗಿದ್ದ ಅವರು ಆಕ್ಸ್‌ಫರ್ಡಿನಲ್ಲಿ ಸಾಹಿತ್ಯದ ಅಧ್ಯಾಪಕರಾಗಿದ್ದಾಗ, 1931ರಲ್ಲಿ, ಕ್ರೈಸ್ತ ವಿಶ್ವಾಸಕ್ಕೆ ಮರಳಿದರು. ಹತ್ತು ವರ್ಷಗಳ ಬಳಿಕ, ಬ್ರಿಟನ್ ಬಾಂಬ್ ದಾಳಿಗಳಿಂದ ಜರ್ಜರಿತವಾಗಿದ್ದ 1941ರ ಆಗಸ್ಟ್ ತಿಂಗಳಲ್ಲಿ, ಬಿಬಿಸಿ ರೇಡಿಯೋದಲ್ಲಿ ಹದಿನೈದು ಹದಿನೈದು ನಿಮಿಷಗಳ ಭಾಷಣಮಾಲೆಯೊಂದನ್ನು ಆರಂಭಿಸಿದರು; ಆಮೇಲಿನ ಮಾಲೆಗಳೊಂದಿಗೆ ಸೇರಿ ಅದು 1952ರಲ್ಲಿ ‘ಮಿಯರ್ ಕ್ರಿಶ್ಚಿಯಾನಿಟಿ’ ಎಂಬ ಪುಸ್ತಕವಾಯಿತು.

ಆ ಭಾಷಣಗಳು ಬೈಬಲಿನಿಂದಲ್ಲ, ಜಗಳದಿಂದ ಆರಂಭವಾಗುತ್ತವೆ. ಪಡಿತರ ಅಂಗಡಿಯ ಸಾಲಿನಲ್ಲಿ ಒಬ್ಬ ನಡುವೆ ನುಗ್ಗಿದಾಗ ಹಿಂದಿನವನು ‘ನಾವೇನು ಮನುಷ್ಯರಲ್ಲವೇ’ ಎಂದು ಕೇಳಿದರೆ, ನುಗ್ಗಿದವನು ಸಾಮಾನ್ಯವಾಗಿ ‘ನ್ಯಾಯ ಗೀಯ ನನಗೆ ಬೇಕಿಲ್ಲ’ ಎನ್ನುವುದಿಲ್ಲ. ಮನೆಯಲ್ಲಿ ಕಾಯಿಲೆಯವರಿದ್ದಾರೆ ಎಂದೋ, ಆಗಲೇ ಚೀಲವಿಟ್ಟು ಹೋಗಿದ್ದೆ ಎಂದೋ ಸಬೂಬು ಹೇಳುತ್ತಾನೆ. ಇಬ್ಬರೂ ಮೊದಲೇ ಒಪ್ಪಿಕೊಂಡ ಅಳತೆಗೋಲೊಂದಿಲ್ಲದಿದ್ದರೆ ಅದು ಹೊಡೆದಾಟವಾಗಬಹುದೇ ಹೊರತು ವಾಗ್ವಾದವಾಗಲಾರದು ಎಂಬುದೇ ಲೂಯಿಸ್ ಅವರ ಮೊದಲ ಹೆಜ್ಜೆ. ಆ ಅಳತೆಗೋಲನ್ನು ಎಲ್ಲರೂ ಬಲ್ಲರು, ಆದರೆ ಯಾರೂ ಪೂರ್ತಿ ಪಾಲಿಸುವುದಿಲ್ಲ ಎಂಬುದು ಎರಡನೆಯದು. ಇರುವುದನ್ನು ವರ್ಣಿಸುವ ಪ್ರಕೃತಿನಿಯಮಕ್ಕಿಂತ ಇರಬೇಕಾದುದನ್ನು ವಿಧಿಸುವ ಈ ನಿಯಮ ಬೇರೆ ಜಾತಿಯದಾದ್ದರಿಂದ, ಅದರ ಹಿಂದೆ ವಿಧಿಸುವ ಚೇತನವೊಂದು ಇರಬೇಕು ಎಂಬುದು ಮೂರನೆಯದು.

ನೀತಿಯು ದೇಶದೇಶಕ್ಕೆ ಬೇರೆಯಲ್ಲವೇ ಎಂಬ ಆಕ್ಷೇಪಕ್ಕೆ ಅವರು 1943ರ ‘ದಿ ಅಬಾಲಿಷನ್ ಆಫ್ ಮ್ಯಾನ್’ ಕೃತಿಯ ಅನುಬಂಧದಲ್ಲಿ ಈಜಿಪ್ಟ್, ಬ್ಯಾಬಿಲೋನ್, ಚೀನಾಗಳ ಜೊತೆಗೆ ಪ್ರಾಚೀನ ಭಾರತದ ಗ್ರಂಥಗಳಿಂದಲೂ ವಾಕ್ಯಗಳನ್ನು ಹೆಕ್ಕಿ ಜೋಡಿಸಿ ಉತ್ತರಿಸಿದರು. ಆ ಸಂಗ್ರಹದಲ್ಲಿ ಹೋಲಿಕೆಗಳಷ್ಟೇ ಇವೆ, ವ್ಯತ್ಯಾಸಗಳಿಲ್ಲ ಎಂಬ ಟೀಕೆಯನ್ನು ತಳ್ಳಿಹಾಕುವುದು ಸುಲಭವಲ್ಲ. ನೀತಿಯೆಂಬುದು ಬಾಲ್ಯದಲ್ಲಿ ಹಿರಿಯರು ಕಲಿಸಿದ ರೂಢಿ ಮಾತ್ರ ಎಂಬವರಿಗೆ ಅವರು ಕೊಟ್ಟ ಉತ್ತರ ಹೆಚ್ಚು ಗಟ್ಟಿಯಾದದ್ದು: ಮಗ್ಗಿಯನ್ನೂ ಶಾಲೆಯಲ್ಲೇ ಕಲಿಯುತ್ತೇವೆ, ಹಾಗೆಂದು ಅದು ಮನುಷ್ಯರ ಕಲ್ಪನೆಯಾಗುವುದಿಲ್ಲ. ಒಂದು ಅರಿವು ಎಲ್ಲಿಂದ ಬಂತು ಎಂಬುದೇ ಬೇರೆ, ಅದು ನಿಜವೇ ಎಂಬುದೇ ಬೇರೆ.

ಆದರೆ ನಿಯಮದಿಂದ ನಿಯಾಮಕನಿಗೆ ದಾಟುವ ಮೂರನೆಯ ಹೆಜ್ಜೆಯೇ ಈ ವಾದದ ದುರ್ಬಲ ಜಾಗ. ದೇವರು ಮೆಚ್ಚುವುದರಿಂದ ಒಳ್ಳೆಯದು ಒಳ್ಳೆಯದಾಯಿತೇ ಅಥವಾ ಒಳ್ಳೆಯದಾಗಿರುವುದರಿಂದ ದೇವರು ಮೆಚ್ಚುತ್ತಾನೆಯೇ ಎಂದು ಪ್ಲೇಟೋ ‘ಯೂಥಿಫ್ರೋ’ ಸಂವಾದದಲ್ಲಿ ಎತ್ತಿದ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ: ಮೊದಲನೆಯದಾದರೆ ನೀತಿ ದೇವರ ಇಚ್ಛೆಗೆ ಬಿಟ್ಟ ಮಾತಾಗುತ್ತದೆ, ಎರಡನೆಯದಾದರೆ ನೀತಿಗೆ ದೇವರ ಆಸರೆ ಬೇಕಾಗುವುದಿಲ್ಲ. ಒಳ್ಳೆಯತನವು ದೇವರ ಸ್ವಭಾವವೇ ಆಗಿದೆ ಎಂದು ಕ್ರೈಸ್ತ ಚಿಂತಕರು ಉತ್ತರಿಸುತ್ತಾರಾದರೂ ಚರ್ಚೆ ಮುಗಿದಿಲ್ಲ. ಭಾರತದಲ್ಲಿಯೂ ಉದಯನಾಚಾರ್ಯರು ‘ನ್ಯಾಯಕುಸುಮಾಂಜಲಿ’ಯಲ್ಲಿ ಅನುಮಾನ ಪ್ರಮಾಣದಿಂದ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವ ತರ್ಕದಿಂದ, ಈಶ್ವರನನ್ನು ಸಾಧಿಸಲು ಹೊರಟರೆ, ಶಾಸ್ತ್ರದ ಆಧಾರವಿಲ್ಲದ ಬರಿಯ ಅನುಮಾನ ಅದಕ್ಕೆ ಸಾಲದೆಂಬುದು ಮಧ್ವಾಚಾರ್ಯರ ನಿಲುವಾಗಿತ್ತು. ಲೂಯಿಸ್ ಕೂಡ ಈ ತರ್ಕ ತಮ್ಮನ್ನು ಕ್ರಿಸ್ತನವರೆಗೆ ಒಯ್ಯುವುದಿಲ್ಲವೆಂದು ರೇಡಿಯೋ ಕೇಳುಗರಿಗೆ ಸ್ಪಷ್ಟವಾಗಿಯೇ ಹೇಳಿದ್ದರು. ಅವರ ಅಭಿಮಾನಿಗಳು ಇದನ್ನು ಹಲವು ವೇಳೆ ಮರೆಯುತ್ತಾರೆ.

ಅವರ ವಾದಗಳಿಗೆ ಬಿದ್ದ ಹೆಸರುವಾಸಿಯಾದ ಪೆಟ್ಟು ನಾಸ್ತಿಕರಿಂದ ಬಂದದ್ದಲ್ಲ. ಆಸ್ತಿಕ ನಾಸ್ತಿಕರಿಬ್ಬರೂ ಸೇರುತ್ತಿದ್ದ ಆಕ್ಸ್‌ಫರ್ಡಿನ ಸಾಕ್ರೆಟಿಕ್ ಕ್ಲಬ್ಬಿಗೆ ಲೂಯಿಸ್ ಅಧ್ಯಕ್ಷರಾಗಿದ್ದ ಕಾಲದಲ್ಲಿ, 1948ರ ಫೆಬ್ರುವರಿ 2ರಂದು, ವಿಟ್‌ಗೆನ್‌ಸ್ಟೈನರ ಶಿಷ್ಯೆಯೂ ಶ್ರದ್ಧಾವಂತ ಕಥೊಲಿಕರೂ ಆಗಿದ್ದ ಎಲಿಜಬೆತ್ ಆನ್‌ಸ್ಕಮ್, ಲೂಯಿಸ್ ಅವರ ‘ಮಿರಕಲ್ಸ್’ ಪುಸ್ತಕದ ಮೂರನೆಯ ಅಧ್ಯಾಯವನ್ನು ಪರೀಕ್ಷೆಗೆ ಒಡ್ಡಿದರು. ಆಲೋಚನೆಯು ವಿವೇಚನೆಯಿಲ್ಲದ ಭೌತಿಕ ಕಾರಣಗಳಿಂದ ಹುಟ್ಟಿದ್ದಾದರೆ ಅದನ್ನು ನಂಬಲಾಗದು, ಆದ್ದರಿಂದ ಎಲ್ಲವೂ ಪ್ರಕೃತಿಯೇ ಎನ್ನುವ ಸಿದ್ಧಾಂತ ತನ್ನನ್ನು ತಾನೇ ಖಂಡಿಸಿಕೊಳ್ಳುತ್ತದೆ ಎಂಬುದು ಆ ಅಧ್ಯಾಯದ ಸಾರ. ಒಂದು ಆಲೋಚನೆ ಹುಟ್ಟಲು ಏನು ಕಾರಣವಾಯಿತೆಂಬುದು ಅದನ್ನು ಸಮರ್ಥಿಸುವ ಆಧಾರ ಸರಿಯೇ ಎಂಬುದನ್ನು ತೀರ್ಮಾನಿಸುವುದಿಲ್ಲ ಎಂದು ಆಕೆ ತೋರಿಸಿಕೊಟ್ಟರು. ಮಗ್ಗಿಯ ದೃಷ್ಟಾಂತದಲ್ಲಿ ಲೂಯಿಸ್ ಅವರೇ ಎದುರಾಳಿಗಳ ಮೇಲೆ ಬಳಸಿದ್ದ ಭೇದ ಇಲ್ಲಿ ಅವರತ್ತಲೇ ತಿರುಗಿತ್ತು.

ಈ ಸೋಲಿನಿಂದ ಕುಗ್ಗಿ ಅವರು ಧರ್ಮಸಮರ್ಥನೆಯನ್ನೇ ಬಿಟ್ಟು ಮಕ್ಕಳ ಕಥೆಗಳತ್ತ ಹೊರಳಿದರೆಂಬ ಮಾತು ಪ್ರಚಾರದಲ್ಲಿದೆಯಾದರೂ, ಅದು ಘಟನೆಗಿಂತ ದೊಡ್ಡದಾಗಿ ಬೆಳೆದ ದಂತಕಥೆಯಂತೆ ತೋರುತ್ತದೆ. ಅವರು ಮಾಡಿದ್ದು ಬೇರೆಯೇ: 1960ರ ಆವೃತ್ತಿಗಾಗಿ ಆ ಅಧ್ಯಾಯದ ಬಹುಭಾಗವನ್ನು ಹೊಸದಾಗಿ ಬರೆದು, ಪ್ರತಿಪಕ್ಷದ ‘ಸ್ವವಿರೋಧ’ ಎಂದಿದ್ದ ಶೀರ್ಷಿಕೆಯನ್ನು ಅದರ ‘ಪ್ರಧಾನ ತೊಡಕು’ ಎಂಬ ಸೌಮ್ಯ ಮಾತಿಗೆ ಇಳಿಸಿದರು. ಆನ್‌ಸ್ಕಮ್ 1981ರಲ್ಲಿ ತಮ್ಮ ಪ್ರಬಂಧಗಳ ಸಂಪುಟಕ್ಕೆ ಬರೆದ ಪ್ರಸ್ತಾವನೆಯಲ್ಲಿ ಈ ತಿದ್ದುಪಡಿ ಲೂಯಿಸ್ ಅವರ ಪ್ರಾಮಾಣಿಕತೆಗೆ ಸಾಕ್ಷಿಯೆಂದು ಮೆಚ್ಚಿಕೊಂಡರು; ಆದರೂ ತಿದ್ದಿದ ವಾದವನ್ನು ಆಕೆ ಪೂರ್ತಿಯಾಗಿ ಒಪ್ಪಲಿಲ್ಲ.