ಮುಖದ ಬಣ್ಣವೂ ಕ್ಯಾಮೆರಾದ ಲೆಕ್ಕವೂ

ಮದುವೆಯ ಚಿತ್ರಗಳನ್ನು ಮನೆಮಂದಿಯೆಲ್ಲ ಕೂಡಿ ನೋಡುವಾಗ ಒಂದು ಮಾತು ಆಗಾಗ ಕೇಳಿಬರುವುದುಂಟು: “ಹೂವಿನ ಮಂಟಪ ಎಷ್ಟು ಚೆನ್ನಾಗಿ ಬಂದಿದೆ! ಹುಡುಗಿಯ ಮುಖ ಮಾತ್ರ ಕಪ್ಪಿಟ್ಟುಹೋಗಿದೆಯಲ್ಲ.” ಅಷ್ಟಕ್ಕೆ ಸುಮ್ಮನಾಗದೆ, “ಅವಳ ಬಣ್ಣವೇ ಹಾಗೆ” ಎಂದು ಷರಾ ಬರೆಯುವವರೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಬಣ್ಣದ ಮಾತು ನಮ್ಮ ಹೆಣ್ಣುಮಕ್ಕಳ ಮನಸ್ಸನ್ನು ಎಷ್ಟು ನೋಯಿಸುವುದೆಂಬುದನ್ನು ವಾಚಕರಿಗೆ ನಾವು ತಿಳಿಸಬೇಕಾಗಿಲ್ಲ. ಇಂತಹ ಅನೇಕ ಚಿತ್ರಗಳಲ್ಲಿ ದೋಷವಿರುವುದು ಹುಡುಗಿಯ ಬಣ್ಣದಲ್ಲಲ್ಲ, ಕ್ಯಾಮೆರಾ ಹಾಕಿದ ಬೆಳಕಿನ ಲೆಕ್ಕದಲ್ಲಿ. ಆ ಲೆಕ್ಕವನ್ನು ತಿದ್ದುವ ಸಾಧನವೂ ಕ್ಯಾಮೆರಾದ ಮೈಮೇಲೆಯೇ ಇರುತ್ತದೆ.

ಕ್ಯಾಮೆರಾ ಬೆಳಕನ್ನು ಅಳೆಯಬಲ್ಲುದು. ಅದು ಯಾವ ವಸ್ತುವಿನಿಂದ ಬಂತೆಂಬುದನ್ನು ಅರಿಯಲಾರದು. ಎದುರಿನ ನೋಟವನ್ನೆಲ್ಲ ಸರಾಸರಿ ಮಾಡಿದರೆ ಅದೊಂದು ನಡುವಣ ಬೂದುಬಣ್ಣವಾದೀತೆಂದು ಅದು ಮೊದಲೇ ನಂಬಿರುತ್ತದೆ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 18 ಪಾಲನ್ನು ಹಿಂದಿರುಗಿಸುವ ಬೂದು ಎಂದು ಛಾಯಾಗ್ರಾಹಕರು ಬಹುಕಾಲದಿಂದ ಹೇಳುತ್ತ ಬಂದಿರುವುದು ಇದನ್ನೇ. ಹೀಗಾಗಿ ಬಿಳಿಯ ಹೂಗಳೇ ತುಂಬಿದ ನೋಟವನ್ನು ಕಂಡೊಡನೆ, ಬೆಳಕು ಅತಿಯಾಯಿತೆಂದು ಕ್ಯಾಮೆರಾ ಅದನ್ನು ತಗ್ಗಿಸುತ್ತದೆ. ಮಲ್ಲಿಗೆ ಬೂದಾಗುತ್ತದೆ, ಅದರ ಮುಂದೆ ಕುಳಿತವಳ ಮುಖ ಕಪ್ಪಾಗುತ್ತದೆ. ಈಚಿನ ಕ್ಯಾಮೆರಾಗಳು ಮುಖವನ್ನು ಗುರುತಿಸಿ ಲೆಕ್ಕ ಹಾಕುವುದನ್ನು ಕಲಿತಿವೆ, ನಿಜ. ಆದರೆ ಹಿನ್ನೆಲೆ ಬಹಳ ಬೆಳ್ಳಗಿದ್ದಲ್ಲಿ ಅವೂ ಎಡವುವುದುಂಟು.

ತಿದ್ದುವ ಸಾಧನಕ್ಕೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಎಂದು ಹೆಸರು. ಹೆಸರು ಭಾರವಾದರೂ ಕೆಲಸ ಹಗುರವೇ. ಕೂಡುವ ಮತ್ತು ಕಳೆಯುವ ಚಿಹ್ನೆಗಳುಳ್ಳ ಒಂದು ಗುಂಡಿ, ಇಲ್ಲವೆ ಅಂಕೆಗಳನ್ನು ಕೆತ್ತಿದ ಒಂದು ಸಣ್ಣ ಚಕ್ರ, ಅಷ್ಟೆ. +1ಕ್ಕೆ ತಿರುಗಿಸಿದರೆ ಕ್ಯಾಮೆರಾ ತನ್ನ ಲೆಕ್ಕದ ಎರಡರಷ್ಟು ಬೆಳಕು ಕೊಡುತ್ತದೆ. −1ಕ್ಕೆ ತಿರುಗಿಸಿದರೆ ಅರ್ಧದಷ್ಟು. ನಡುವೆ ಸಾಮಾನ್ಯವಾಗಿ ಮೂರನೆಯ ಒಂದರಂತೆ ಮೆಟ್ಟಿಲುಗಳಿರುತ್ತವೆ.

ಇದು ಹೊಸತೇನಲ್ಲ, ಹಳೆಯ ಕ್ಯಾಮೆರಾಗಳಲ್ಲಿಯೂ ಇತ್ತು. ಆದರೆ ಅವುಗಳ ಕನ್ನಡಿಯ ಮೂಲಕ ಕಾಣುತ್ತಿದ್ದುದು ಎದುರಿನ ನೋಟವೇ ಹೊರತು ಮುಂದೆ ಮೂಡಲಿರುವ ಚಿತ್ರವಲ್ಲ. ಕನ್ನಡಿಯಿಲ್ಲದ, ಎಂದರೆ ಮಿರರ್‌ಲೆಸ್ ಕ್ಯಾಮೆರಾಗಳು 2008ರಲ್ಲಿ ಬಂದ ಪ್ಯಾನಸೋನಿಕ್ ಲುಮಿಕ್ಸ್ ಜಿ1ರ ತರುವಾಯ ಬಳಕೆಗೆ ಹಬ್ಬಿದವು. ಇವುಗಳಲ್ಲಿ ಮಸೂರದಿಂದ ಬಂದ ಬೆಳಕು ನೇರವಾಗಿ ಸಂವೇದಕದ ಮೇಲೆ ಬೀಳುತ್ತದೆ. ಅದು ಕಂಡುದನ್ನೇ ನಾವು ಕಿರುಪರದೆಯಲ್ಲಿ ಕಾಣುತ್ತೇವೆ. ಚಕ್ರವನ್ನು ತಿರುಗಿಸಿದಂತೆ ಹುಡುಗಿಯ ಮುಖ ಕಣ್ಣೆದುರಿಗೇ ಬೆಳಗುತ್ತ ಬರುತ್ತದೆ. ಗುಂಡಿಯೊತ್ತುವ ಮೊದಲೇ ಫಲ ತಿಳಿಯುವ ಈ ಸೌಕರ್ಯವೇ, ನಮ್ಮ ಅಭಿಪ್ರಾಯದಲ್ಲಿ, ಇವುಗಳ ಪರಮ ಗುಣ. ಫ್ಲಾಷ್ ಬೆಳಕಿನ ಪರಿಣಾಮ ಮಾತ್ರ ಹೀಗೆ ಮೊದಲೇ ಕಾಣದು. ಕೆಲವು ಕ್ಯಾಮೆರಾಗಳಲ್ಲಿ ಈ ಮುನ್ನೋಟವನ್ನು ಆರಿಸಿಡಲೂ ಬರುವುದರಿಂದ, ಅದು ನಡೆಯುತ್ತಿದೆಯೇ ಎಂದು ನೋಡಿಕೊಳ್ಳತಕ್ಕದ್ದು.

ಬಿಳಿಯ ಹಿನ್ನೆಲೆಯ ಮುಂದಿನ ಮುಖಕ್ಕೆ +1ರಿಂದ ಆರಂಭಿಸಬಹುದು. ಅಜ್ಜಿ ಕಿಟಕಿಗೆ ಬೆನ್ನುಮಾಡಿ ಕುಳಿತಿದ್ದರೆ +2ರವರೆಗೂ ಬೇಕಾದೀತು. ಆಗ ಕಿಟಕಿಯಾಚೆಯ ತೆಂಗಿನಮರ ಬೆಳಕಿನಲ್ಲಿ ಕರಗಿಹೋಗುತ್ತದೆ. ಹೋಗಲಿ, ನಮಗೆ ಬೇಕಾದವರು ಅಜ್ಜಿಯಲ್ಲವೆ?

ಆದರೆ ಕಪ್ಪು ಮುಖವೆಂದೊಡನೆ ಬೆಳಕನ್ನು ಕೂಡಿಸುವುದೇ ಸರಿಯೆಂದು ಭಾವಿಸತಕ್ಕದ್ದಲ್ಲ. ಕಪ್ಪು ಕೋಟು ತೊಟ್ಟ ಶ್ಯಾಮಲವರ್ಣದ ವರನು ಗಾಢವಾದ ಪರದೆಯ ಮುಂದೆ ನಿಂತಿದ್ದಾನೆನ್ನಿ. ಈಗ ಕ್ಯಾಮೆರಾ ಬೆಳಕು ಸಾಲದೆಂದು ತಾನಾಗಿಯೇ ಹೆಚ್ಚಿಸಿ, ಆತನ ಮುಖಕ್ಕೆ ಬೂದಿ ಬಳಿದಂತೆ ಮಾಡುತ್ತದೆ. ಇಲ್ಲಿ ಕಳೆಯುವ ಕಡೆಗೆ ಒಂದೆರಡು ಮೆಟ್ಟಿಲು ತಿರುಗಿಸಿದರೆ ಮೈಬಣ್ಣದ ನಿಜವಾದ ಕಾಂತಿ ಮರಳಿ ಬರುತ್ತದೆ. ಬೇಲೂರಿನ ನವರಂಗದ ಕರಿಗಲ್ಲಿನ ಕಂಬಗಳನ್ನು ಹತ್ತಿರದಿಂದ ತೆಗೆಯುವವರಿಗೂ ಇದೇ ಉಪಾಯ. ಇಲ್ಲದಿದ್ದರೆ ಆ ನುಣುಪು ಕಪ್ಪು ಸಿಮೆಂಟಿನಂತೆ ತೋರೀತು. ಎಲ್ಲರನ್ನೂ ಬೆಳ್ಳಗೆ ಮಾಡಿಕೊಡುವುದೇ ಒಳ್ಳೆಯ ಚಿತ್ರದ ಲಕ್ಷಣವೆಂಬ ಕೆಲವರ ಮತವನ್ನು ನಾವು ಒಪ್ಪಲಾರೆವು.

ಕೂಡಿಸಿದ ಬೆಳಕು ಎಲ್ಲಿಂದಲೋ ಬರಬೇಕಷ್ಟೆ. ದ್ಯುತಿರಂಧ್ರವನ್ನು ನಾವೇ ಗೊತ್ತುಮಾಡಿದ್ದರೆ, ಐ.ಎಸ್.ಓ. ಸ್ಥಿರವಾಗಿರುವಾಗ +1ರಿಂದ ಷಟರಿನ ಕಾಲ ಇಮ್ಮಡಿಸುತ್ತದೆ: ಸೆಕೆಂಡಿನ 1/60 ಇದ್ದುದು 1/30 ಆಗಿ, ಅಕ್ಷತೆ ಎರಚುವ ಕೈ ಮಸುಕಾಗಬಹುದು. ಐ.ಎಸ್.ಓ.ವನ್ನು ಕ್ಯಾಮೆರಾಕ್ಕೇ ಬಿಟ್ಟಿದ್ದರೆ, ಅದು ಏರಿ ಚಿತ್ರದಲ್ಲಿ ಮರಳುಮರಳು ಕಂಡೀತು. ಬಿಳಿಯ ರೇಷ್ಮೆಯ ನೇಯ್ಗೆ ಒಮ್ಮೆ ಪೂರ್ತಿ ಬೆಳಕಿನಲ್ಲಿ ಮುಳುಗಿತೆಂದರೆ ಅದನ್ನು ಮತ್ತೆ ಪಡೆಯಲಾಗದು; ನೆರಳಿನಲ್ಲಿ ಅಡಗಿದುದನ್ನಾದರೆ ತಕ್ಕಮಟ್ಟಿಗೆ ಎತ್ತಬಹುದು. ಎಲ್ಲವನ್ನೂ ಕೈಯಿಂದಲೇ ಗೊತ್ತುಮಾಡುವ ಎಂ ಕ್ರಮದಲ್ಲಿ, ಐ.ಎಸ್.ಓ. ತಾನಾಗಿ ಬದಲಾಗುವಂತೆ ಇಟ್ಟಿದ್ದಲ್ಲದೆ, ಸಾಮಾನ್ಯವಾಗಿ ಈ ಚಕ್ರಕ್ಕೆ ಕೆಲಸವಿಲ್ಲ.

ಮುಹೂರ್ತದ ಹೊತ್ತಿನಲ್ಲಿ ಇನ್ನೂ ಒಂದು ಎಚ್ಚರ ಬೇಕು. ವಧೂವರರ ನಡುವೆ ಹಿಡಿದ ಬಿಳಿಯ ಅಂತರಪಟವು ಚೌಕಟ್ಟಿನ ಅರ್ಧವನ್ನು ತುಂಬಿರುವಾಗ ಬೆಳಕನ್ನು ಕೂಡಿಸಬೇಕಾಗುತ್ತದೆ. ಬಟ್ಟೆ ಸರಿದು ಜೀರಿಗೆ ಬೆಲ್ಲ ಬೀಳುವ ಗಳಿಗೆಗೆ ಆ ಬಿಳುಪೆಲ್ಲ ಮಾಯವಾಗುತ್ತದೆ. ಚಕ್ರವನ್ನು ಹಾಗೆಯೇ ಬಿಟ್ಟಿದ್ದರೆ ಬೆಳಕು ಅತಿಯಾಗಿ ಇಬ್ಬರ ಮುಖವೂ ಬಿಳಿಚಿಕೊಳ್ಳಬಹುದು. ಮಂತ್ರ ಮುಗಿಯುತ್ತ ಬಂದಾಗಲೇ ಹೆಬ್ಬೆರಳನ್ನು ಚಕ್ರದ ಮೇಲಿರಿಸಿಕೊಂಡು, ಪಟ ಸರಿದೊಡನೆ ಸೊನ್ನೆಯ ಕಡೆಗೆ ತಿರುಗಿಸತಕ್ಕದ್ದು.