ಎರಡು ಸೆಕೆಂಡಿನ ನಿಲುಗಡೆ, ಇಪ್ಪತ್ತು ಸೆಕೆಂಡಿನ ಲೆಕ್ಕ

ಫಾರ್ಮುಲಾ ಒನ್ ಗ್ರ್ಯಾನ್ ಪ್ರೀಯಲ್ಲಿ ಗೆಲುವು-ಸೋಲು ಎಷ್ಟೋ ಸಲ ನಿರ್ಧಾರವಾಗುವುದು ಟ್ರ್ಯಾಕಿನ ಮಗ್ಗುಲಲ್ಲಿರುವ ಪಿಟ್ ಲೇನಿನಲ್ಲಿ. ಕಾರುಗಳು ಟೈರ್ ಬದಲಿಸಿಕೊಂಡು ಹೋಗುವ ಈ ಕಿರುದಾರಿಯ ಬಗ್ಗೆ ನೋಡುಗರಲ್ಲಿ ತಪ್ಪು ತಿಳಿವಳಿಕೆಗಳೂ ಅಷ್ಟೇ ಹೇರಳ. ಅವುಗಳಲ್ಲಿ ಮೊದಲನೆಯದು, ಪಿಟ್ ಸ್ಟಾಪಿಗೆ ಖರ್ಚಾಗುವುದು ಎರಡೇ ಸೆಕೆಂಡು ಎಂಬುದು.

ಟಿವಿ ಪರದೆಯ ಮೇಲೆ 2.3, 2.5 ಎಂದು ಮೂಡುವ ಅಂಕಿ ಕಾರು ನಿಂತಿದ್ದ ಹೊತ್ತನ್ನಷ್ಟೇ ಹೇಳುತ್ತದೆ. ನಷ್ಟ ಶುರುವಾಗುವುದು ಅದಕ್ಕೂ ಮೊದಲೇ. ಪಿಟ್ ಲೇನಿನಲ್ಲಿ ವೇಗದ ಮಿತಿ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ.; ಮೊನಾಕೋದಂಥ ಇಕ್ಕಟ್ಟಿನ ಕಡೆ 60. ಪಿಟ್ ಲೇನ್ 400 ಮೀಟರ್ ಉದ್ದವಿದ್ದರೆ 80ರ ವೇಗದಲ್ಲಿ ಅದನ್ನು ದಾಟಲು 18 ಸೆಕೆಂಡು ಬೇಕು. ಅಷ್ಟೇ ದೂರವನ್ನು ಪಕ್ಕದ ಟ್ರ್ಯಾಕಿನಲ್ಲಿ 280ರ ವೇಗದಲ್ಲಿರುವ ಎದುರಾಳಿ ಸುಮಾರು 5 ಸೆಕೆಂಡಿನಲ್ಲಿ ಮುಗಿಸಿರುತ್ತಾನೆ. ಅಲ್ಲಿಗೇ 13 ಸೆಕೆಂಡು ಹೋಯಿತು. ಒಳಬರುವಾಗ ವೇಗ ತಗ್ಗಿಸಿದ್ದು, ನಿಂತದ್ದು, ಹೊರಟ ಮೇಲೆ ಮತ್ತೆ ವೇಗ ಹಿಡಿದದ್ದು ಎಲ್ಲ ಸೇರಿದರೆ ಒಟ್ಟು ನಷ್ಟ ಬಹುತೇಕ ಸರ್ಕ್ಯೂಟುಗಳಲ್ಲಿ 20 ಸೆಕೆಂಡಿನ ಆಸುಪಾಸಿಗೆ ಬರುತ್ತದೆ. ತಂಡದ ತಂತ್ರಗಾರರು ಕೂಡಿ ಕಳೆಯುವುದು ಈ ಇಪ್ಪತ್ತನ್ನು.

ಹಾಗೆಂದು ಆ ಎರಡು ಸೆಕೆಂಡು ಸಣ್ಣ ಸಂಗತಿಯಲ್ಲ. ಒಂದೊಂದು ಚಕ್ರಕ್ಕೂ ಮೂವರು: ಒಬ್ಬ ವೀಲ್ ಗನ್ ಹಿಡಿದು ನಡುವಿನ ಒಂದೇ ಒಂದು ನಟ್ ಬಿಚ್ಚುತ್ತಾನೆ, ಇನ್ನೊಬ್ಬ ಹಳೆಯ ಚಕ್ರ ಎಳೆದುಕೊಳ್ಳುತ್ತಾನೆ, ಮತ್ತೊಬ್ಬ ಹೊಸದನ್ನು ಕೂರಿಸುತ್ತಾನೆ, ಗನ್ ಹಿಡಿದವನು ನಟ್ ಮತ್ತೆ ಬಿಗಿಯುತ್ತಾನೆ. ಮುಂದೊಂದು ಜಾಕ್, ಹಿಂದೊಂದು ಜಾಕ್, ಕಾರು ಅಲುಗದಂತೆ ಎರಡೂ ಪಕ್ಕದಲ್ಲಿ ಹಿಡಿಯುವವರು. ಲೇನಿನಲ್ಲಿ ಬೇರೆ ಕಾರು ಬರುತ್ತಿಲ್ಲವೆಂದು ಖಾತರಿಯಾದ ಮೇಲಷ್ಟೇ ಚಾಲಕನಿಗೆ ಹಸಿರು ದೀಪ. 2023ರ ಕತಾರ್ ಗ್ರ್ಯಾನ್ ಪ್ರೀಯಲ್ಲಿ ಮೆಕ್ಲಾರೆನ್ ತಂಡ ಲ್ಯಾಂಡೊ ನಾರಿಸ್ ಅವರ ಕಾರಿಗೆ ಇದಿಷ್ಟನ್ನೂ 1.80 ಸೆಕೆಂಡಿನಲ್ಲಿ ಮಾಡಿ ಮುಗಿಸಿತು. ಎಡವಟ್ಟಾದರೆ ಏನಾಗುತ್ತದೆ ಎಂಬುದಕ್ಕೆ 2021ರ ಮೊನಾಕೋ ಸಾಕ್ಷಿ. ಎರಡನೇ ಸ್ಥಾನದಲ್ಲಿದ್ದ ವಾಲ್ಟೇರಿ ಬೊಟ್ಟಾಸ್ ಅವರ ಮರ್ಸಿಡಿಸ್ ಕಾರಿನ ಬಲ ಮುಂಚಕ್ರದ ನಟ್ಟಿಗೆ ಗನ್ ಸರಿಯಾಗಿ ಕೂರಲಿಲ್ಲ; ನಟ್ಟಿನ ಹಲ್ಲುಗಳೆಲ್ಲ ಸವೆದುಹೋದವು. ರೇಸ್ ಅಲ್ಲಿಗೇ ಮುಗಿಯಿತು. ಆ ಚಕ್ರ ಕಳಚಿದ್ದು ಕಾರು ಇಂಗ್ಲೆಂಡಿನ ಕಾರ್ಖಾನೆಗೆ ಮರಳಿದ ಮೇಲೆ.

ಪಿಟ್‌ಗೆ ಬರುವುದು ಇಂಧನ ತುಂಬಿಸಿಕೊಳ್ಳಲು ಎಂದು ಈಗಲೂ ನಂಬಿರುವವರಿದ್ದಾರೆ. ತೊಂಬತ್ತರ ದಶಕದಲ್ಲಿ ರೇಸ್ ನೋಡಿದವರ ಮಟ್ಟಿಗೆ ಈ ನಂಬಿಕೆ ಸಹಜವೇ: 1994ರಿಂದ 2009ರವರೆಗೆ ರೇಸಿನ ನಡುವೆ ಇಂಧನ ತುಂಬಲು ಅವಕಾಶವಿತ್ತು. ಮೊದಲ ವರ್ಷವೇ ಜರ್ಮನಿಯ ಹಾಕೆನ್‌ಹೈಮ್‌ನಲ್ಲಿ ಯೋಸ್ ವರ್ಸ್ಟಾಪನ್ ಅವರ ಬೆನೆಟನ್ ಕಾರಿನ ಮೇಲೆ ಇಂಧನ ಚೆಲ್ಲಿ, ಕಾರೂ ಸಿಬ್ಬಂದಿಯೂ ಕ್ಷಣಮಾತ್ರದಲ್ಲಿ ಬೆಂಕಿಯಲ್ಲಿ ಮುಳುಗಿದ್ದರು. ಅದೃಷ್ಟಕ್ಕೆ ಪ್ರಾಣಹಾನಿಯಾಗಲಿಲ್ಲ. 2010ರಿಂದ ಈ ಪದ್ಧತಿಗೆ ನಿಷೇಧವಿದೆ. ರೇಸಿಗೆ ಬೇಕಾದ ಪೂರ್ತಿ ಇಂಧನ ಹೊತ್ತೇ ಕಾರು ಹೊರಡುತ್ತದೆ. ಈಗ ನಿಲ್ಲುವುದು ಟೈರಿಗಾಗಿ, ಅದರಲ್ಲೂ ಎರಡು ಕಾರಣಕ್ಕೆ. ಒಂದು, ಟೈರ್ ಸವೆದಂತೆ ಸುತ್ತಿನ ವೇಗ ಕುಸಿಯುತ್ತದೆ. ಇನ್ನೊಂದು, ಒಣ ಟ್ರ್ಯಾಕಿನ ರೇಸಿನಲ್ಲಿ ಕನಿಷ್ಠ ಎರಡು ಬಗೆಯ ಟೈರ್ ಬಳಸಲೇಬೇಕೆಂಬ ನಿಯಮವಿದೆ. 2005ರಲ್ಲಿ ಎಲ್ಲ ತಿರುಗುಮುರುಗಾಗಿತ್ತು: ಇಂಧನ ತುಂಬಬಹುದಿತ್ತು, ಟೈರ್ ಬದಲಿಸುವಂತಿರಲಿಲ್ಲ. ಇಂಡಿಯಾನಾಪೊಲಿಸ್‌ನ ತಿರುವು ತಾಳಲಾರದ ಮಿಶಲಿನ್ ಟೈರ್ ಹಾಕಿದ್ದ 14 ಕಾರುಗಳು ಆರಂಭಕ್ಕೆ ಮುನ್ನವೇ ಗ್ಯಾರೇಜಿಗೆ ಮರಳಿ, ಬರೀ ಆರು ಕಾರುಗಳ ರೇಸ್ ನಡೆದದ್ದು ಆ ವರ್ಷವೇ.

ಟೈರಿನ ಹೆಸರುಗಳೂ ಗೊಂದಲ ಹುಟ್ಟಿಸುತ್ತವೆ. ಕೆಂಪು ಪಟ್ಟಿಯದು ಸಾಫ್ಟ್, ಹಳದಿಯದು ಮೀಡಿಯಂ, ಬಿಳಿಯದು ಹಾರ್ಡ್. ಇವು ಆ ವಾರದ ಹೋಲಿಕೆಗೆ ಇಟ್ಟ ಹೆಸರುಗಳು. 2011ರಿಂದ ಎಲ್ಲ ತಂಡಗಳಿಗೂ ಟೈರ್ ಒದಗಿಸುತ್ತಿರುವ ಪಿರೆಲ್ಲಿ ಕಂಪನಿ ತನ್ನ ಹಲವು ಮಿಶ್ರಣಗಳಲ್ಲಿ ಮೂರನ್ನು ಆರಿಸಿ ಪ್ರತಿ ರೇಸಿಗೆ ತರುತ್ತದೆ. ಹೀಗಾಗಿ ಒಂದೂರಿನ ಸಾಫ್ಟ್ ಇನ್ನೊಂದೂರಿನಲ್ಲಿ ಮೀಡಿಯಂ ಆಗಬಹುದು. ಸಾಫ್ಟ್ ಎಂದರೆ ಯಾವಾಗಲೂ ಬೇಗ ಎಂಬ ಮಾತೂ ಅರ್ಧ ನಿಜ. ಮೊದಲ ಕೆಲವು ಸುತ್ತಿಗೆ ಅದೇ ಮುಂದು, ಆಮೇಲೆ ಹಾರ್ಡ್ ಹಾಕಿದವನೇ ಮುಂದು.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವ ನಂಬಿಕೆ, ಕಡಿಮೆ ಸಲ ನಿಂತವನೇ ಗೆಲ್ಲುತ್ತಾನೆ ಎಂಬುದು. ನಿಂತಷ್ಟೂ ನಷ್ಟ ತಾನೇ ಎಂಬ ತರ್ಕ ಅದರ ಹಿಂದಿದೆ. ಆದರೆ ಹೊಸ ಟೈರ್ ಸುತ್ತಿಗೆ ಒಂದು ಸೆಕೆಂಡು ಉಳಿಸಿಕೊಟ್ಟರೂ ಇಪ್ಪತ್ತು ಸುತ್ತಿನಲ್ಲಿ ನಿಲುಗಡೆಯ ಸಾಲ ತೀರಿರುತ್ತದೆ. 1998ರ ಹಂಗೇರಿ ರೇಸಿನಲ್ಲಿ ಎರಡು ಮೆಕ್ಲಾರೆನ್ ಕಾರುಗಳ ಹಿಂದೆ ಸಿಕ್ಕಿಬಿದ್ದಿದ್ದ ಮೈಕೆಲ್ ಶುಮಾಕರ್‌ಗೆ ಫೆರಾರಿಯ ರಾಸ್ ಬ್ರಾನ್ ಮೂರು ನಿಲುಗಡೆಯ ತಂತ್ರ ಹಚ್ಚಿದರು. ಅದಕ್ಕಾಗಿ 19 ಸುತ್ತಿನಲ್ಲಿ 25 ಸೆಕೆಂಡು ಗಳಿಸಬೇಕಾಗಿತ್ತು. ಶುಮಾಕರ್ ಗಳಿಸಿದರು, ಗೆದ್ದರು. 2004ರಲ್ಲಿ ಫ್ರಾನ್ಸಿನ ಮ್ಯಾಗ್ನಿ ಕೂರ್‌ನಲ್ಲಿ ಇದೇ ಜೋಡಿ ನಾಲ್ಕು ಸಲ ನಿಂತು, ಮೂರು ಸಲ ನಿಂತ ಫರ್ನಾಂಡೊ ಅಲೊನ್ಸೊ ಅವರನ್ನು ಹಿಂದೆ ಹಾಕಿತು.

ಇವೆರಡೂ ಇಂಧನ ತುಂಬುತ್ತಿದ್ದ ಕಾಲದವು. ಟೈರಿನ ಲೆಕ್ಕವನ್ನಷ್ಟೇ ನೋಡಬೇಕೆಂದರೆ ಭಾರತದಲ್ಲೇ ನಡೆದ ಉದಾಹರಣೆಯಿದೆ. ಗ್ರೇಟರ್ ನೊಯಿಡಾದ ಬುದ್ಧ್ ಸರ್ಕ್ಯೂಟಿನಲ್ಲಿ 2011ರಿಂದ 2013ರವರೆಗೆ ಮೂರು ಗ್ರ್ಯಾನ್ ಪ್ರೀ ನಡೆದವು, ಮೂರನ್ನೂ ಸೆಬಾಸ್ಟಿಯನ್ ವೆಟೆಲ್ ಗೆದ್ದರು. 2013ರಲ್ಲಿ ಅವರ ಕಾರು ಎಲ್ಲರಿಗಿಂತ ಮುಂದೆ ನಿಂತಿತ್ತು, ಆದರೆ ಅದಕ್ಕಿದ್ದದ್ದು ಸಾಫ್ಟ್ ಟೈರ್. ಅಂದಿನ ನಿಯಮದ ಪ್ರಕಾರ ಅರ್ಹತಾ ಸುತ್ತಿನ ಮೊದಲ ಹತ್ತು ಮಂದಿ ಅಲ್ಲಿ ಬಳಸಿದ ಟೈರಿನಲ್ಲೇ ರೇಸ್ ಆರಂಭಿಸಬೇಕಿತ್ತು. ಆ ಟ್ರ್ಯಾಕಿನಲ್ಲಿ ಸಾಫ್ಟ್ ಬೇಗ ಹಾಳಾಗುತ್ತಿತ್ತು. 60 ಸುತ್ತಿನ ರೇಸಿನಲ್ಲಿ ಎರಡನೇ ಸುತ್ತು ಮುಗಿಯುತ್ತಿದ್ದಂತೆಯೇ ವೆಟೆಲ್ ಪಿಟ್‌ಗೆ ತಿರುಗಿದರು. ಮುಂಚೂಣಿಯಲ್ಲಿದ್ದವರು ಹಿಂದಿನ ಸಾಲಿನ ಕಾರುಗಳ ನಡುವೆ ಬಂದು ಬಿದ್ದರು. ನೋಡುವವರಿಗೆ ಕಾರು ಕೆಟ್ಟಿರಬೇಕು ಅನ್ನಿಸುವಂತಿತ್ತು. ಕೆಟ್ಟಿದ್ದು ಏನೂ ಇಲ್ಲ. ಒಗ್ಗದ ಟೈರನ್ನು ಎಷ್ಟು ಕಡಿಮೆ ಬಳಸಲು ಸಾಧ್ಯವೋ ಅಷ್ಟೇ ಬಳಸಿ, ಉಳಿದ ರೇಸನ್ನು ಮೀಡಿಯಂ ಟೈರಿಗೆ ಒಪ್ಪಿಸಿದ್ದರು. ಒಬ್ಬೊಬ್ಬರನ್ನೇ ದಾಟಿ, ಎರಡನೇ ಸಲ ನಿಂತು, ಕೊನೆಗೆ ಗೆದ್ದದ್ದು ಸುಮಾರು 30 ಸೆಕೆಂಡುಗಳ ಅಂತರದಿಂದ. ಅಂದೇ ಅವರಿಗೆ ನಾಲ್ಕನೇ ವಿಶ್ವ ಪ್ರಶಸ್ತಿಯೂ ಖಚಿತವಾಯಿತು. ಅದೇ ರೇಸಿನಲ್ಲಿ 17ನೇ ಸ್ಥಾನದಿಂದ ಹೊರಟ ರೊಮ್ಯಾನ್ ಗ್ರೋಜಾನ್ ಒಂದೇ ಸಲ ನಿಂತು ಮೂರನೆಯವರಾದರು. ಒಂದೇ ಮಧ್ಯಾಹ್ನ, ಒಂದೇ ಟ್ರ್ಯಾಕು, ಎರಡು ವಿರುದ್ಧ ದಾರಿ, ಇಬ್ಬರಿಗೂ ಫಲ. ಇಷ್ಟೇ ಸಲ ನಿಲ್ಲುವುದು ಸರಿ ಎಂಬ ಸೂತ್ರ ಇಲ್ಲ ಎನ್ನಲು ಇದಕ್ಕಿಂತ ಪುರಾವೆ ಬೇಕಿಲ್ಲ.

ಮುಂದಿನವನನ್ನು ಹಿಂದಿಕ್ಕಬೇಕಾದರೆ ಟ್ರ್ಯಾಕಿನಲ್ಲೇ ನುಗ್ಗಬೇಕು ಎಂಬುದೂ ಪೂರ್ತಿ ಸರಿಯಲ್ಲ. ಒಂದೂವರೆ ಸೆಕೆಂಡು ಹಿಂದಿರುವ ಚಾಲಕ ಒಂದು ಸುತ್ತು ಮೊದಲೇ ಪಿಟ್‌ಗೆ ಹೋಗಿ ಹೊಸ ಟೈರಿನೊಂದಿಗೆ ಹೊರಬರುತ್ತಾನೆ. ಮುಂದಿನವನು ಸವೆದ ಟೈರಿನಲ್ಲಿ ಇನ್ನೊಂದು ಸುತ್ತು ಮುಗಿಸುವಷ್ಟರಲ್ಲಿ ಇವನು ಎರಡು ಸೆಕೆಂಡು ಗಳಿಸಿರುತ್ತಾನೆ. ಆತ ಪಿಟ್ ಮುಗಿಸಿ ಹೊರಬಂದಾಗ ಸ್ಥಾನ ಅದಲುಬದಲಾಗಿರುತ್ತದೆ. ಇದಕ್ಕೆ ಅಂಡರ್‌ಕಟ್ ಎಂದು ಹೆಸರು. ಆದರೆ ಹೊರಬಂದ ಜಾಗದಲ್ಲಿ ನಿಧಾನದ ಕಾರೊಂದು ಅಡ್ಡ ಸಿಕ್ಕರೆ ಇಡೀ ಲೆಕ್ಕ ನೀರುಪಾಲು. ಹೊಸ ಟೈರ್ ಬಿಸಿಯೇರಲು ತಡಮಾಡುವ ಟ್ರ್ಯಾಕುಗಳಲ್ಲಿ ತಡವಾಗಿ ನಿಂತವನಿಗೇ ಲಾಭ; ಅದು ಓವರ್‌ಕಟ್.

ಅಪಘಾತವಾಗಿ, ಎಲ್ಲ ಕಾರುಗಳನ್ನೂ ನಿಧಾನಗೊಳಿಸುವ ಸೇಫ್ಟಿ ಕಾರ್ ಬಂದಾಗ ಪಿಟ್‌ಗೆ ಹೋದವನ ಗೆಲುವನ್ನು ಬರೀ ಅದೃಷ್ಟವೆನ್ನುವುದು ರೂಢಿ. ಅಪಘಾತ ಯಾವಾಗ ಆಗುತ್ತದೆ ಎಂಬುದು ಅದೃಷ್ಟದ ಮಾತು, ಲಾಭ ಮಾತ್ರ ಗಣಿತದ್ದು. ಎಲ್ಲರೂ ನಿಧಾನವಾದಾಗ ಮೇಲಿನ 400 ಮೀಟರನ್ನು ಎದುರಾಳಿ 280ರ ಬದಲು 140ರ ವೇಗದಲ್ಲಿ ಸಾಗಿದರೆ ಅವನಿಗೂ 10 ಸೆಕೆಂಡು ಹಿಡಿಯುತ್ತದೆ. ಪಿಟ್ ಲೇನಿನ ಹದಿಮೂರು ಸೆಕೆಂಡಿನ ನಷ್ಟ ಎಂಟಕ್ಕೆ ಇಳಿಯುತ್ತದೆ. ಸಂಕಟ ಮೊದಲ ಸ್ಥಾನದಲ್ಲಿರುವವನಿಗೆ. 2021ರ ಅಬುಧಾಬಿಯಲ್ಲಿ ಇನ್ನೈದು ಸುತ್ತು ಉಳಿದಿರುವಾಗ ಸೇಫ್ಟಿ ಕಾರ್ ಬಂತು. ಲೂಯಿಸ್ ಹ್ಯಾಮಿಲ್ಟನ್ ಒಳಗೆ ಹೋಗಿದ್ದರೆ ಮ್ಯಾಕ್ಸ್ ವರ್ಸ್ಟಾಪನ್ ಹೊರಗೇ ಉಳಿಯುತ್ತಿದ್ದರು. ರೇಸ್ ಸೇಫ್ಟಿ ಕಾರ್ ಹಿಂದೆಯೇ ಮುಗಿದಿದ್ದರೆ ಗೆಲುವು ವರ್ಸ್ಟಾಪನ್ ಅವರದಾಗುತ್ತಿತ್ತು. ಹ್ಯಾಮಿಲ್ಟನ್ ಹಳೆಯ ಹಾರ್ಡ್ ಟೈರಿನಲ್ಲೇ ಉಳಿದರು, ವರ್ಸ್ಟಾಪನ್ ಸಾಫ್ಟ್ ಹಾಕಿಸಿಕೊಂಡು ಕೊನೆಯ ಸುತ್ತಿನಲ್ಲಿ ದಾಟಿದರು. ಆ ಕೊನೆಯ ಸುತ್ತು ನಡೆಸಿದ ರೀತಿಯಲ್ಲಿ ರೇಸ್ ನಿರ್ದೇಶಕರು ಎಡವಿದ್ದನ್ನು ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎ ಆಮೇಲೆ ಒಪ್ಪಿಕೊಂಡಿತು. ಆದರೂ ಎರಡು ತಂಡಗಳ ಪಿಟ್ ತೀರ್ಮಾನ ಆ ಕ್ಷಣದ ಮಟ್ಟಿಗೆ ತಪ್ಪಾಗಿರಲಿಲ್ಲ.

ಮಳೆಯಲ್ಲಿ ಈ ಲೆಕ್ಕಗಳೂ ಕೈಕೊಡುತ್ತವೆ. 2021ರಲ್ಲಿ ರಷ್ಯಾದ ಸೋಚಿಯಲ್ಲಿ ಮೊದಲಿಗರಾಗಿದ್ದ ನಾರಿಸ್ ಕೊನೆಯ ಸುತ್ತುಗಳಲ್ಲಿ ಮಳೆ ಹನಿದರೂ ಒಣ ಟೈರ್ ಬಿಡಲಿಲ್ಲ. ಟೈರ್ ಬದಲಿಸಿದ ಹ್ಯಾಮಿಲ್ಟನ್ ತಮ್ಮ ನೂರನೇ ಗೆಲುವು ಕಂಡರು, ನಾರಿಸ್ ಏಳನೆಯವರಾದರು.

ಚೌಕಳಿ ಬಾವುಟ ಬೀಸಿದರೆ ಫಲಿತಾಂಶ ಬಂದಂತೆ ಎಂಬುದು ಕೊನೆಯ ದೊಡ್ಡ ತಪ್ಪು ಕಲ್ಪನೆ. 2019ರಲ್ಲಿ ಕೆನಡಾದಲ್ಲಿ ಮೊದಲು ಗೆರೆ ದಾಟಿದ್ದು ವೆಟೆಲ್, ಐದು ಸೆಕೆಂಡಿನ ದಂಡ ಸೇರಿದಾಗ ಗೆದ್ದದ್ದು ಹ್ಯಾಮಿಲ್ಟನ್. 2024ರ ಜುಲೈನಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ನಡೆದದ್ದು ಇನ್ನೂ ಕಠೋರ. ಮುಂಚೂಣಿಯ ಉಳಿದವರು ಎರಡು ಸಲ ನಿಲ್ಲುವಾಗ ಜಾರ್ಜ್ ರಸೆಲ್ ಒಂದೇ ನಿಲುಗಡೆಯಲ್ಲಿ ಸಾಗಿಸಿ, ಸವೆದ ಹಾರ್ಡ್ ಟೈರಿನಲ್ಲೇ ಹ್ಯಾಮಿಲ್ಟನ್ ಅವರನ್ನು ಅರ್ಧ ಸೆಕೆಂಡಿನಿಂದ ತಡೆದು ಮೊದಲು ಬಂದರು. ತಪಾಸಣೆಯಲ್ಲಿ ಕಾರು ಸರಿಯಾಗಿ 798 ಕಿಲೋ ತೂಗಿತು, ಅಂದಿನ ಕನಿಷ್ಠ ಮಿತಿಯೂ ಅಷ್ಟೇ. ಆದರೆ ಇಂಧನದ ತೂಕ ಲೆಕ್ಕಕ್ಕಿಲ್ಲ. ಟ್ಯಾಂಕಿನಲ್ಲಿ ಉಳಿದಿದ್ದ 2.8 ಲೀಟರ್ ಹೊರತೆಗೆದು ಮತ್ತೆ ತೂಗಿದಾಗ 796.5 ಕಿಲೋ. ಒಂದೂವರೆ ಕಿಲೋ ಕೊರತೆಗೆ ರಸೆಲ್ ಅನರ್ಹರಾದರು, ಗೆಲುವು ಹ್ಯಾಮಿಲ್ಟನ್ ಪಾಲಾಯಿತು. ಉದ್ದ ಓಡಿದ ಟೈರಿನ ರಬ್ಬರ್ ಹೆಚ್ಚು ಸವೆದದ್ದೂ ಇದಕ್ಕೆ ಕಾರಣವಿರಬಹುದೆಂಬ ಮಾತು ಆಗ ಕೇಳಿಬಂತು. ಹಾಗಿದ್ದರೆ ಗೆಲ್ಲಿಸಿದ ತಂತ್ರವೇ ಸೋಲಿಸಿದಂತಾಯಿತು.

ಗೆರೆ ದಾಟದವನಿಗೆ ಸ್ಥಾನವಿಲ್ಲ ಎಂಬುದೂ ಸರಿಯಲ್ಲ. ಗೆದ್ದವನ ದೂರದ ಶೇ. 90ರಷ್ಟನ್ನು ಮುಗಿಸಿದ ಕಾರು ಕೊನೆಯಲ್ಲಿ ನಿಂತುಹೋದರೂ ಪಟ್ಟಿಯಲ್ಲಿ ಸ್ಥಾನ ಪಡೆಯುತ್ತದೆ. ಗೆರೆಯನ್ನು ಟ್ರ್ಯಾಕಿನಲ್ಲೇ ದಾಟಬೇಕೆಂದೂ ಇಲ್ಲ. 1998ರ ಬ್ರಿಟಿಷ್ ಗ್ರ್ಯಾನ್ ಪ್ರೀಯಲ್ಲಿ ಸೇಫ್ಟಿ ಕಾರ್ ಇರುವಾಗ ಇನ್ನೊಂದು ಕಾರನ್ನು ದಾಟಿದ್ದಕ್ಕೆ ಶುಮಾಕರ್‌ಗೆ ಹತ್ತು ಸೆಕೆಂಡಿನ ದಂಡ ಬಿತ್ತು. ಅಧಿಕಾರಿಗಳ ಸೂಚನೆ ತಡವಾಗಿ ಬಂತು, ದಂಡ ಯಾವ ಬಗೆಯದೆಂಬುದೂ ಅದರಲ್ಲಿ ಸ್ಪಷ್ಟವಿರಲಿಲ್ಲ. ಫೆರಾರಿ ಅವರನ್ನು ಕೊನೆಯ ಸುತ್ತಿನಲ್ಲಿ ಪಿಟ್‌ಗೆ ಕರೆಯಿತು. ತಂಡದ ಗ್ಯಾರೇಜ್ ಇದ್ದದ್ದು ಗೆರೆಯಿಂದ ಆಚೆಗೆ, ಹಾಗಾಗಿ ದಂಡಕ್ಕೆ ನಿಲ್ಲುವ ಮೊದಲೇ ಶುಮಾಕರ್ ಪಿಟ್ ಲೇನಿನಲ್ಲಿ ಗೆರೆ ದಾಟಿ ರೇಸ್ ಮುಗಿಸಿದ್ದರು. ಮೆಕ್ಲಾರೆನ್ ಮೇಲ್ಮನವಿ ಸಲ್ಲಿಸಿತು, ಅದು ತಿರಸ್ಕೃತವಾಯಿತು. ಗೊಂದಲಕ್ಕೆ ಕಾರಣರಾದ ಮೂವರು ಅಧಿಕಾರಿಗಳು ತಮ್ಮ ಪರವಾನಗಿ ಹಿಂದಿರುಗಿಸಿದರು. ಅಧಿಕೃತ ಪಟ್ಟಿಯಲ್ಲಿ ಇಂದಿಗೂ ಶುಮಾಕರ್ ಮೊದಲು, ಮಿಕಾ ಹಾಕಿನೆನ್ ಎರಡನೆಯವರು.